ಕೇಪಳ ಸತ್ತಿದ್ದು ಬೇಸಿಗೆಯಲ್ಲಲ್ಲ

ಕುಮಟಾದಲ್ಲಿ ನಮ್ಮ ಮನೆ ಇರುವುದು ಹಳೇ ಗದ್ದೆಯಲ್ಲಿ, ಅಂದರೆ ಅಂಟು ಜೇಡಿಮಣ್ಣಿನ ಮೇಲೆ. ಬೇಣದಲ್ಲಿ (ಗುಡ್ಡದ ಹುಲ್ಲುಗಾವಲಲ್ಲಿ) ಚಿರೆಕಲ್ಲಿನ ಸಂದಿಯಿಂದ ಎದ್ದು ಏಪ್ರಿಲ್ ಬಿಸಿಲಲ್ಲೂ ಕೆಂಪಗೆ ಹೂ ಬಿಡುವ ಕೇಪಳ ನೋಡಿ, ನೀರು ಹೊರುವ ಕೆಲಸವೇ ಇಲ್ಲ ಅಂತ ಅಂಗಳದಲ್ಲಿ ಮೂರು ಗಿಡ ನೆಟ್ಟೆ. ಬೇಸಿಗೆ ಆರಾಮಾಗಿ ಕಳೆಯಿತು. ಜುಲೈನಲ್ಲಿ ಎರಡು ಸತ್ತವು. ಎಲೆ ಜೋತುಬಿದ್ದಿತ್ತು, ಥೇಟ್ ನೀರು ಕಾಣದ ಗಿಡದ ಹಾಗೆ. ಕಿತ್ತು ನೋಡಿದರೆ ಬೇರು ಪೂರ್ತಿ ಕಪ್ಪು. ಎರಡು ಬೆರಳಲ್ಲಿ ಎಳೆದರೆ ಸಿಪ್ಪೆ ಕಳಚಿ ದಾರದಂಥ ಎಳೆ ಮಾತ್ರ ಉಳಿಯುತ್ತಿತ್ತು, ಗಟಾರದ ವಾಸನೆ ಬೇರೆ.

ಬೇರೂ ಉಸಿರಾಡುತ್ತದೆ ಅಲ್ವಾ. ಜೇಡಿಮಣ್ಣಿನ ಕಣ 0.002 ಮಿಲಿಮೀಟರ್‌ಗಿಂತ ಸಣ್ಣದು, ಕಣಗಳ ನಡುವಿನ ಸಂದಿಯೂ ಅಷ್ಟೇ ಕಿರಿದು, ಹೊಕ್ಕ ನೀರು ಬೇಗ ಇಳಿಯುವುದಿಲ್ಲ. ಗಾಳಿಗೆ ಹೋಲಿಸಿದರೆ ನೀರಿನಲ್ಲಿ ಆಮ್ಲಜನಕ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ನಮ್ಮ ಕರಾವಳಿಯಲ್ಲೋ ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ, ಹೆಚ್ಚಿನದೆಲ್ಲ ನಾಲ್ಕೇ ತಿಂಗಳಲ್ಲಿ. ಬೇರು ಕೊಳೆತ ಮೇಲೆ ನೀರು ಎಳೆಯುವವರು ಯಾರು? ಗಿಡ ನೀರಲ್ಲಿ ನಿಂತೇ ಬಾಯಾರಿ ಸಾಯುತ್ತದೆ.

ತಪ್ಪು ನನ್ನದೇ. ಎರಡಡಿ ಗುಂಡಿ ತೋಡಿ ಒಳ್ಳೇ ಕೆಂಪುಮಣ್ಣು ತುಂಬಿದ್ದೆ. ಸುತ್ತಲೂ ಅಂಟುಮಣ್ಣು, ನಡುವೆ ಸಡಿಲ ಮಣ್ಣು, ಅಂದರೆ ಬಾಲ್ದಿ ಹೂತಿಟ್ಟ ಹಾಗೇ ಆಯಿತು. ಮರಳು ಹಾಕಿ ಅಂದವರೂ ಇದ್ದರು. ಅರ್ಧಕ್ಕಿಂತ ಜಾಸ್ತಿ ಮರಳು ಸೇರಿಸದೆ ಅದರಿಂದ ಉಪಯೋಗವಿಲ್ಲ, ಕಮ್ಮಿ ಹಾಕಿದರೆ ಇನ್ನೂ ಗಟ್ಟಿ.

ನಿಮ್ಮದು ಎಂಥಾ ಮಣ್ಣು ಅಂತ ಗೊತ್ತಾಗಬೇಕಾ? ಒದ್ದೆ ಮಾಡಿ ನಾದಿ, ಹೊಸೆದು, ಕೋಡುಬಳೆ ಸುತ್ತಿ. ಬಿರಿಯದೆ ಬಳೆ ಕೂತರೆ ಜೇಡಿಮಣ್ಣೇ.

ಉಳಿದ ಮೂರನೇ ಕೇಪಳ ಎಲ್ಲಿತ್ತು ಗೊತ್ತಾ? ಗಟಾರ ತೋಡಿದಾಗ ಎತ್ತಿ ಹಾಕಿದ ಮಣ್ಣಿನ ದಿಬ್ಬದ ಮೇಲೆ. ಸುಮ್ನೆ ಜಾಗ ಸಾಲದೆ ಅಲ್ಲಿ ನೆಟ್ಟಿದ್ದು. ಈಗ ಎಲ್ಲವನ್ನೂ ಒಂದಡಿ ಏರಿಯ ಮೇಲೇ ನೆಡುತ್ತೇನೆ, ಅದೇ ಮಣ್ಣಿಗೆ ದರಕು (ಒಣ ಎಲೆ), ಕೊಟ್ಟಿಗೆ ಗೊಬ್ಬರ ಸೇರಿಸಿ, ಆಗಸ್ಟ್ ಕೊನೆಗೆ ಮಳೆ ಇಳಿದ ಮೇಲೆ. ಬೇಸಿಗೆಯೊಳಗೆ ಬೇರು ಆಳಕ್ಕೆ ಇಳಿಯಲು ಆರು ತಿಂಗಳು ಸಿಗುತ್ತದೆ. ಕವಳಿ (ಕರಂಡೆ) ಗಿಡಕ್ಕೂ ಏರಿ ಬೇಕು. ಹೊಳೆದಂಡೆಯಲ್ಲಿ ಬೆಳೆದು ಅಭ್ಯಾಸವಿರುವ ಲಕ್ಕಿಗೆ ಇಷ್ಟೆಲ್ಲ ಉಪಚಾರ ಬೇಡ, ತಗ್ಗಿನ ಬೇಲಿಗೆ ಅದೇ ಸಾಕು.

ಮೇ ತಿಂಗಳಲ್ಲಿ ಅಂಗಳ ಬಿರುಕು ಬಿಟ್ಟಾಗ ಆ ಬಿರುಕಿಗೆ ಪುಡಿಯಾದ ದರಕು ತುರುಕುತ್ತೇನೆ. ಇಲ್ಲದಿದ್ದರೆ ಮಣ್ಣು ಕುಗ್ಗುವಾಗ ಸಣ್ಣ ಬೇರು ಹರಿದು ಒಣಗುತ್ತವೆ.