ಬೀಗರು ಯಾವ ಪಕ್ಷದವರು?

1960ರ ಹೊತ್ತಿಗೆ ಅಮೆರಿಕದ ಒಂದು ಸಮೀಕ್ಷೆಯಲ್ಲಿ ಜನರಿಗೆ ಮನೆಮಾತಿನಂಥ ಪ್ರಶ್ನೆಯೊಂದನ್ನು ಕೇಳಿದ್ದರು. ನಿಮ್ಮ ಮಗನೋ ಮಗಳೋ ಎದುರು ಪಕ್ಷದವರನ್ನು ಮದುವೆಯಾದರೆ ನಿಮಗೆ ಬೇಜಾರಾಗುತ್ತದೆಯೇ? ರಿಪಬ್ಲಿಕನ್ನರಲ್ಲಿ ನೂರಕ್ಕೆ 5 ಜನ ಹೌದು ಅಂದರು. ಡೆಮಾಕ್ರಟರಲ್ಲಿ ನೂರಕ್ಕೆ 4 ಜನ. ಉಳಿದವರಿಗೆ ಅದೊಂದು ವಿಷಯವೇ ಆಗಿರಲಿಲ್ಲ.

ಐವತ್ತು ವರ್ಷ ಬಿಟ್ಟು, 2010ರಲ್ಲಿ, ಹೆಚ್ಚು ಕಡಿಮೆ ಅದೇ ಪ್ರಶ್ನೆ ಮತ್ತೆ ಬಂತು. ಈ ಸಲ ರಿಪಬ್ಲಿಕನ್ನರಲ್ಲಿ ನೂರಕ್ಕೆ 49 ಜನ, ಡೆಮಾಕ್ರಟರಲ್ಲಿ ನೂರಕ್ಕೆ 33 ಜನ ಬೇಜಾರಾಗುತ್ತದೆ ಅಂದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಾಂತೋ ಅಯ್ಯಂಗಾರ್ ಮತ್ತು ಜೊತೆಗಾರರು 2012ರಲ್ಲಿ ಈ ಎರಡು ಕಾಲದ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು.

ನನಗೆ ಈ ಅಂಕಿಗಳು ಚುನಾವಣೆಯ ಫಲಿತಾಂಶಕ್ಕಿಂತ ದೊಡ್ಡದಾಗಿ ಕಾಣುತ್ತವೆ. ಸಂಬಂಧ ಕೂಡಿಸುವಾಗ ಏನೇನು ನೋಡುತ್ತಾರೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಜಾತಿ, ಮನೆತನ, ಊರು, ನೌಕರಿ. ಬೀಗತನದ ಲೆಕ್ಕದಲ್ಲಿ ಯಾವುದು ಬಂದು ಕೂರುತ್ತದೋ ಅದು ಆ ಸಮಾಜದ ನಿಜವಾದ ಗೋಡೆ. ಅಮೆರಿಕದಲ್ಲಿ ಆ ಜಾಗಕ್ಕೆ ಪಕ್ಷವೂ ಬಂದು ಕೂತಿದೆ.

ಈ ಗೋಡೆಯ ಮಾತು ಜಾಸ್ತಿ ಕೇಳಿಬರುವುದು ಮಿಡ್‌ಟರ್ಮ್ ಚುನಾವಣೆ ಹತ್ತಿರ ಬಂದಾಗ. ನಮ್ಮಲ್ಲಿ ಮಧ್ಯಂತರ ಚುನಾವಣೆ ಅಂದರೆ ಸರ್ಕಾರ ಬಿದ್ದು ಅವಧಿಗೆ ಮೊದಲೇ ಬರುವ ಚುನಾವಣೆ. ಅಲ್ಲಿನದು ಹಾಗಲ್ಲ, ಕ್ಯಾಲೆಂಡರಿನಲ್ಲೇ ಬರೆದಿಟ್ಟದ್ದು. ಅಧ್ಯಕ್ಷರ ಅವಧಿ 4 ವರ್ಷ, ಕೆಳಮನೆಯವರದು ಬರೀ 2 ವರ್ಷ. ಹಾಗಾಗಿ ಅಧ್ಯಕ್ಷರ ಅವಧಿ ಅರ್ಧ ಕಳೆದಾಗ ಕೆಳಮನೆಯ ಎಲ್ಲ 435 ಸ್ಥಾನಕ್ಕೂ, ಮೇಲ್ಮನೆಯಾದ ಸೆನೆಟ್ಟಿನ 100ರಲ್ಲಿ ಸುಮಾರು ಮೂರರಲ್ಲೊಂದು ಪಾಲಿಗೂ ಮತದಾನ ನಡೆಯುತ್ತದೆ. ನವೆಂಬರಿನ ಮೊದಲ ಸೋಮವಾರದ ಮರುದಿನವೇ ಆ ದಿನ. 2026ರಲ್ಲಿ ಅದು ನವೆಂಬರ್ 3ಕ್ಕೆ ಬೀಳುತ್ತದೆ.

ಈ ಚುನಾವಣೆಯಲ್ಲಿ ಅಧ್ಯಕ್ಷರ ಪಕ್ಷಕ್ಕೆ ಪೆಟ್ಟು ಬೀಳುವುದು ಹೆಚ್ಚುಕಡಿಮೆ ಕಾಯಂ. 1994ರಲ್ಲಿ ಬಿಲ್ ಕ್ಲಿಂಟನ್ ಪಕ್ಷ ಕೆಳಮನೆಯಲ್ಲಿ 54 ಸ್ಥಾನ ಕಳೆದುಕೊಂಡಿತು. 2010ರಲ್ಲಿ ಒಬಾಮಾ ಪಕ್ಷ 63, 2018ರಲ್ಲಿ ಟ್ರಂಪ್ ಪಕ್ಷ 40. 1934ರಿಂದ ಈಚೆಗೆ ಮಿಡ್‌ಟರ್ಮ್‌ನಲ್ಲಿ ಅಧ್ಯಕ್ಷರ ಪಕ್ಷ ಕೆಳಮನೆಯ ಸ್ಥಾನ ಹೆಚ್ಚಿಸಿಕೊಂಡದ್ದು ಮೂರೇ ಸಲ: 1934, 1998, 2002.

ಏಕೆ ಹೀಗೆ? ಕ್ರಿಸ್ಟೊಫರ್ ವ್ಲೆಜಿಯನ್ ಎಂಬ ರಾಜಕೀಯ ವಿಜ್ಞಾನಿ 1995ರಲ್ಲಿ ಕೊಟ್ಟ ವಿವರಣೆ ನನಗೆ ಇಷ್ಟ. ಮನೆಯ ಗೀಸರ್ ನೆನಪಿಸಿಕೊಳ್ಳಿ. ನೀರು ಸಾಕಷ್ಟು ಬಿಸಿಯಾದರೆ ತಾನೇ ನಿಲ್ಲುತ್ತದೆ, ತಣ್ಣಗಾದರೆ ತಾನೇ ಶುರುವಾಗುತ್ತದೆ. ಜನಾಭಿಪ್ರಾಯವೂ ಹಾಗೇ ಕೆಲಸ ಮಾಡುತ್ತದೆ ಅನ್ನುತ್ತಾರೆ ಅವರು. ಸರ್ಕಾರ ಒಂದು ಕಡೆಗೆ ಜೋರಾಗಿ ಹೊರಟರೆ, ನಡುವಿನ ಜನ ‘ಇಷ್ಟು ಸಾಕು’ ಅನ್ನತೊಡಗುತ್ತಾರೆ. ಎರಡು ವರ್ಷ ಆಗುವಷ್ಟರಲ್ಲಿ ಗಾಳಿ ತಿರುಗಿರುತ್ತದೆ.

ಇನ್ನೊಂದು ಕಾರಣ, ಯಾರು ಮತಗಟ್ಟೆಗೆ ಬರುತ್ತಾರೆ ಅನ್ನುವುದು. ಅಧ್ಯಕ್ಷರ ಹೆಸರೇ ಇಲ್ಲದ ಚುನಾವಣೆಗೆ ಜನ ಕಡಿಮೆ ಬರುತ್ತಾರೆ. 2014ರಲ್ಲಿ ಮತದ ಹಕ್ಕಿದ್ದವರಲ್ಲಿ ನೂರಕ್ಕೆ ಸುಮಾರು 37 ಜನ ಮಾತ್ರ ಬಂದಿದ್ದರು. ಗೆದ್ದವರು ಹಾಯಾಗಿರುತ್ತಾರೆ, ಸೋತವರಿಗೆ ಸಿಟ್ಟಿರುತ್ತದೆ, ಸಿಟ್ಟಿದ್ದವರು ಎದ್ದು ಬರುತ್ತಾರೆ. ಆದರೆ 2018ರಲ್ಲಿ ನೂರಕ್ಕೆ 50 ಜನ ಬಂದರು. ಮಿಡ್‌ಟರ್ಮ್ ಮಟ್ಟಿಗೆ ನೂರು ವರ್ಷದಲ್ಲಿ ಅಷ್ಟು ಜನ ಬಂದಿರಲಿಲ್ಲ. ಪಕ್ಷದ ಜಗಳ ಬಿಸಿಯಾದಷ್ಟೂ ಸಾಲು ಉದ್ದವಾಗುತ್ತದೆ.

ಇದನ್ನೆಲ್ಲ ಅಳೆಯುವುದು ಹೇಗೆ? ಮೂವತ್ತಮೂರು ಕೋಟಿಗೂ ಜಾಸ್ತಿ ಜನ ಇರುವ ದೇಶದ ಮನಸ್ಸನ್ನು ಒಂದು ಸಾವಿರ ಜನರನ್ನು ಕೇಳಿ ಹೇಳಬಹುದೇ?

ಅನ್ನ ಬೆಂದಿದೆಯಾ ಅಂತ ನೋಡಲು ಒಂದೆರಡು ಅಗುಳು ಹಿಸುಕಿದರೆ ಸಾಕು, ಅಲ್ವಾ? ಮನೆಯ ಪಾತ್ರೆಯಾದರೂ ಅಷ್ಟೇ, ಮದುವೆ ಮನೆಯ ಕೊಪ್ಪರಿಗೆಯಾದರೂ ಅಷ್ಟೇ. ಸಮೀಕ್ಷೆಯ ಗಣಿತವೂ ಹೀಗೇ. ದೇಶ ಎಷ್ಟು ದೊಡ್ಡದು ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಎಲ್ಲಿಂದ ಬೇಕಾದರೂ ಬರಬಹುದಾದ ಸಾವಿರ ಜನರನ್ನು ಚೀಟಿ ಎತ್ತಿದಂತೆ ಆರಿಸಿದರೆ, ಉತ್ತರ ಸುಮಾರು 3 ಅಂಕ ಅತ್ತಿತ್ತ ಆಗಬಹುದು, ಅಷ್ಟೇ. ಒಬ್ಬರಿಗೆ 49, ಇನ್ನೊಬ್ಬರಿಗೆ 47 ಅಂತ ಬಂದರೆ ಯಾರು ಮುಂದಿದ್ದಾರೆ ಅಂತ ಹೇಳಲು ಬರುವುದಿಲ್ಲ. ಟಿವಿಯವರು ಮಾತ್ರ ಹೇಳಿಬಿಡುತ್ತಾರೆ.

ಆದರೆ ಒಂದು ಷರತ್ತಿದೆ. ಸೌಟು ತಳದವರೆಗೂ ಆಡಿರಬೇಕು. 1936ರ ಅಧ್ಯಕ್ಷ ಚುನಾವಣೆಗೆ ಮೊದಲು ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ, ನಿಮ್ಮ ಮತ ಯಾರಿಗೆ ಅಂತ ಕೇಳಿ ಸುಮಾರು ಒಂದು ಕೋಟಿ ಜನರಿಗೆ ಚೀಟಿ ಕಳಿಸಿತ್ತು. 20 ಲಕ್ಷಕ್ಕೂ ಜಾಸ್ತಿ ವಾಪಸ್ ಬಂದವು. ರಿಪಬ್ಲಿಕನ್ ಅಭ್ಯರ್ಥಿ ಆಲ್ಫ್ ಲ್ಯಾಂಡನ್ ಗೆಲ್ಲುತ್ತಾರೆ ಅಂತ ಪತ್ರಿಕೆ ಬರೆಯಿತು. ಗೆದ್ದದ್ದು ಆಗಿನ ಅಧ್ಯಕ್ಷ, ಡೆಮಾಕ್ರಟರಾದ ರೂಸ್‌ವೆಲ್ಟ್, ಅದೂ 48ರಲ್ಲಿ 46 ರಾಜ್ಯಗಳನ್ನು. ಪತ್ರಿಕೆಯವರು ವಿಳಾಸ ಹುಡುಕಿದ್ದು ಟೆಲಿಫೋನ್ ಪುಸ್ತಕದಲ್ಲಿ, ಕಾರು ಇದ್ದವರ ಪಟ್ಟಿಯಲ್ಲಿ. ಆರ್ಥಿಕ ಕುಸಿತದ ಆ ದಿನಗಳಲ್ಲಿ ಫೋನೂ ಕಾರೂ ಇದ್ದವರು ಯಾರು ಅಂತ ಊಹಿಸಬಹುದು. ಜೊತೆಗೆ, ರೂಸ್‌ವೆಲ್ಟ್ ಮೇಲೆ ಸಿಟ್ಟಿದ್ದವರೇ ಚೀಟಿಯನ್ನು ಮುತುವರ್ಜಿಯಿಂದ ವಾಪಸ್ ಕಳಿಸಿದ್ದರು. ಅದೇ ವರ್ಷ ಜಾರ್ಜ್ ಗ್ಯಾಲಪ್ ಬರೀ ಐವತ್ತು ಸಾವಿರದಷ್ಟು ಜನರನ್ನು ಕೇಳಿ, ಗೆಲ್ಲುವವರನ್ನು ಸರಿಯಾಗಿ ಹೇಳಿದರು.

ಇವತ್ತಿನ ತೊಂದರೆ ಬೇರೆ. ಜನ ಫೋನೇ ಎತ್ತುವುದಿಲ್ಲ. ಪ್ಯೂ ಸಂಶೋಧನಾ ಕೇಂದ್ರದ ದೂರವಾಣಿ ಸಮೀಕ್ಷೆಗಳಿಗೆ 1997ರಲ್ಲಿ ನೂರಕ್ಕೆ 36 ಜನ ಉತ್ತರ ಕೊಡುತ್ತಿದ್ದರು. 2018ರ ಹೊತ್ತಿಗೆ ನೂರಕ್ಕೆ 6. ಆ ಆರು ಜನ ಉಳಿದ 94 ಜನರಂತೆಯೇ ಇದ್ದಾರೆಯೇ ಅನ್ನುವುದೇ ಸಮೀಕ್ಷೆಯವರ ನಿದ್ದೆ ಕೆಡಿಸುವ ಪ್ರಶ್ನೆ. ವಯಸ್ಸು, ಓದು, ಊರು ನೋಡಿ ಲೆಕ್ಕ ಸರಿದೂಗಿಸುತ್ತಾರೆ. ಆದರೂ ರಾಜಕೀಯದಲ್ಲಿ ಆಸಕ್ತಿ ಜಾಸ್ತಿ ಇರುವವರೇ ಜಾಸ್ತಿ ಮಾತಾಡುತ್ತಾರೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಈಗ ಮತ್ತೆ ಆ ಗೋಡೆಯ ಹತ್ತಿರ ಬರೋಣ. ಅಮೆರಿಕದ ಚುನಾವಣಾ ಅಧ್ಯಯನದವರು ಹಲವು ದಶಕಗಳಿಂದ ಒಂದು ‘ಥರ್ಮಾಮೀಟರ್’ ಬಳಸುತ್ತಿದ್ದಾರೆ. ಈ ಪಕ್ಷದ ಬಗ್ಗೆ ನಿಮಗೆ ಎಷ್ಟು ಬೆಚ್ಚಗಿನ ಭಾವನೆ ಇದೆ, 0ಯಿಂದ 100ರವರೆಗೆ ಹೇಳಿ ಅಂತ ಕೇಳುತ್ತಾರೆ. 50 ಅಂದರೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ. 1970ರ ದಶಕದ ಕೊನೆಗೆ ಜನ ಎದುರು ಪಕ್ಷಕ್ಕೆ 48ರ ಆಸುಪಾಸು ಕೊಡುತ್ತಿದ್ದರು. 2020ಕ್ಕೆ ಅದು 20ರ ಆಸುಪಾಸಿಗೆ ಇಳಿದಿತ್ತು. ಸ್ವಂತ ಪಕ್ಷದ ಮೇಲಿನ ಪ್ರೀತಿ ಅದಕ್ಕೆ ತಕ್ಕಂತೆ ಏರಲೇ ಇಲ್ಲ. ಏರಿದ್ದು ಎದುರಿನವರ ಮೇಲಿನ ತಾತ್ಸಾರ.

ಅಧ್ಯಕ್ಷರ ಬಗೆಗಿನ ಮೆಚ್ಚುಗೆಯಲ್ಲೂ ಇದೇ ಕಥೆ. 1950ರ ದಶಕದಲ್ಲಿ ಐಸೆನ್‌ಹೋವರ್ ರಿಪಬ್ಲಿಕನ್. ಆದರೂ ಡೆಮಾಕ್ರಟರಲ್ಲಿ ಸರಾಸರಿ ನೂರಕ್ಕೆ 49 ಜನ ಅವರ ಕೆಲಸ ಮೆಚ್ಚಿದ್ದರು. ಟ್ರಂಪ್ ಅವರ ಮೊದಲ ಅವಧಿಯಲ್ಲಿ ಡೆಮಾಕ್ರಟರಲ್ಲಿ ಮೆಚ್ಚಿದವರು ಸರಾಸರಿ ನೂರಕ್ಕೆ 10 ಕೂಡ ಇರಲಿಲ್ಲ. ಒಬಾಮಾ ಕಾಲದಲ್ಲಿ ರಿಪಬ್ಲಿಕನ್ನರ ಮೆಚ್ಚುಗೆಯೂ ಸರಾಸರಿ ನೂರಕ್ಕೆ 15ರ ಒಳಗೇ ಇತ್ತು.

ಇದು ಹೇಗಾಯಿತು? 1950ರಲ್ಲಿ ಅಮೆರಿಕದ ರಾಜಕೀಯ ವಿಜ್ಞಾನಿಗಳ ಸಂಘ ಒಂದು ವರದಿ ಬರೆದಿತ್ತು. ಅದರ ದೂರು ಏನು ಗೊತ್ತೇ? ಎರಡೂ ಪಕ್ಷಗಳ ನಡುವೆ ವ್ಯತ್ಯಾಸ ಸಾಕಷ್ಟು ಇಲ್ಲ, ಮತದಾರರಿಗೆ ಆಯ್ಕೆ ಸ್ಪಷ್ಟವಾಗಿ ಕಾಣುತ್ತಿಲ್ಲ ಅಂತ! ಆಗ ಎರಡೂ ಪಕ್ಷಗಳಲ್ಲಿ ಎಲ್ಲ ಥರದವರೂ ಇದ್ದರು. ಕರಿಯರಿಗೆ ಸಮಾನ ಹಕ್ಕು ಕೊಡಬಾರದು ಅನ್ನುವ ದಕ್ಷಿಣದ ಬಿಳಿಯರು ಡೆಮಾಕ್ರಟಿಕ್ ಪಕ್ಷದಲ್ಲಿದ್ದರು. ಕೊಡಲೇಬೇಕು ಅನ್ನುವ ಉತ್ತರದವರೂ ಅದೇ ಪಕ್ಷದಲ್ಲಿದ್ದರು. 1964ರ ನಾಗರಿಕ ಹಕ್ಕು ಕಾಯ್ದೆಯನ್ನು ವಿರೋಧಿಸಿದವರಲ್ಲಿ ಹೆಚ್ಚಿನವರು ದಕ್ಷಿಣದ ಡೆಮಾಕ್ರಟರು. ರಿಪಬ್ಲಿಕನ್ನರಲ್ಲಿ ಹೆಚ್ಚಿನವರು ಅದರ ಪರ ಮತ ಹಾಕಿದರು.

ಆಮೇಲೆ ನಿಧಾನಕ್ಕೆ ಜರಡಿ ಹಿಡಿದಂತಾಯಿತು. ದಕ್ಷಿಣದ ಬಿಳಿಯರು ರಿಪಬ್ಲಿಕನ್ ಕಡೆ ಸರಿದರು. ಕರಿಯರು ಹೆಚ್ಚಾಗಿ ಡೆಮಾಕ್ರಟಿಕ್ ಕಡೆ ನಿಂತರು. ಚರ್ಚಿಗೆ ತಪ್ಪದೆ ಹೋಗುವವರು ಒಂದು ಕಡೆ, ದೊಡ್ಡ ಊರುಗಳವರು ಇನ್ನೊಂದು ಕಡೆ. ಲಿಲಿಯಾನಾ ಮೇಸನ್ ಎಂಬ ಸಂಶೋಧಕಿ ಇದರ ಪರಿಣಾಮವನ್ನು ಚೆನ್ನಾಗಿ ತೋರಿಸಿದ್ದಾರೆ. ಮೊದಲು ಒಬ್ಬ ಮನುಷ್ಯನಿಗೆ ಹಲವು ಗುರುತುಗಳಿದ್ದವು. ಪಕ್ಷ ಬೇರೆ ಆದರೂ ಚರ್ಚು ಒಂದೇ, ಚರ್ಚು ಬೇರೆ ಆದರೂ ಕಾರ್ಖಾನೆ ಒಂದೇ. ಎಲ್ಲಾದರೂ ಒಂದು ಕಡೆ ಜೊತೆ ಸಿಗುತ್ತಿತ್ತು. ಈಗ ಆ ಗುರುತುಗಳೆಲ್ಲ ಒಂದರ ಮೇಲೊಂದು ಕೂತಿವೆ. ಪಕ್ಷ ಸೋತರೆ ತನ್ನ ಧರ್ಮ, ತನ್ನ ಬಣ್ಣ, ತನ್ನ ಊರು ಎಲ್ಲ ಒಟ್ಟಿಗೆ ಸೋತಂತೆ ಅನಿಸುತ್ತದೆ. ಅದಕ್ಕೇ ನೋವು ಜಾಸ್ತಿ.

ಮತಪೆಟ್ಟಿಗೆಯಲ್ಲೂ ಇದು ಕಾಣುತ್ತದೆ. 1984ರಲ್ಲಿ ಅಧ್ಯಕ್ಷರಿಗೆ ಒಂದು ಪಕ್ಷ, ಕೆಳಮನೆಗೆ ಇನ್ನೊಂದು ಪಕ್ಷ ಅಂತ ಆರಿಸಿದ ಕ್ಷೇತ್ರಗಳು 435ರಲ್ಲಿ ಸುಮಾರು 190 ಇದ್ದವು. 2020ರಲ್ಲಿ ಉಳಿದದ್ದು 16.

ನಾವು ಯಾವ ಪಕ್ಷಕ್ಕೂ ಸೇರಿದವರಲ್ಲ ಅನ್ನುವವರು ಬಹಳ ಇದ್ದಾರಲ್ಲ ಅಂತ ನೀವು ಕೇಳಬಹುದು. ಹೌದು, ಗ್ಯಾಲಪ್ ಸಮೀಕ್ಷೆಗಳಲ್ಲಿ ಈಚೆಗೆ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನ ಹಾಗೆ ಹೇಳುತ್ತಾರೆ. ಆದರೆ ‘ಸ್ವಲ್ಪ ಯಾವ ಕಡೆ ವಾಲುತ್ತೀರಿ?’ ಅಂತ ಇನ್ನೊಂದು ಸಲ ಕೇಳಿದರೆ ಹೆಚ್ಚಿನವರು ಒಂದು ಪಕ್ಷದ ಹೆಸರು ಹೇಳುತ್ತಾರೆ. ಮತವನ್ನೂ ಹಾಗೇ ಹಾಕುತ್ತಾರೆ.

ಪಕ್ಷ ಇಷ್ಟು ಒಳಗೆ ಇಳಿದರೆ ಅದು ಕಣ್ಣಿಗೂ ಬಣ್ಣ ಹಚ್ಚುತ್ತದೆ. 2006ರ ಮಿಡ್‌ಟರ್ಮ್‌ನಲ್ಲಿ ಡೆಮಾಕ್ರಟರು ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತಿನ ಎರಡೂ ಮನೆ, ಗೆದ್ದರು. ಆ ಚುನಾವಣೆಗೆ ಮೊದಲೂ ಆಮೇಲೂ ಜನರನ್ನು ಮಾತಾಡಿಸಿದ ಆಲನ್ ಗರ್ಬರ್ ಮತ್ತು ಗ್ರೆಗರಿ ಹ್ಯೂಬರ್, ಆರ್ಥಿಕತೆಯ ಬಗ್ಗೆ ಡೆಮಾಕ್ರಟರ ಭರವಸೆ ಏರಿದ್ದನ್ನೂ ರಿಪಬ್ಲಿಕನ್ನರ ಭರವಸೆ ಇಳಿದದ್ದನ್ನೂ ಕಂಡರು. ಅಷ್ಟರಲ್ಲಿ ಅಂಗಡಿಯ ಬೆಲೆಯೇನೂ ಬದಲಾಗಿರಲಿಲ್ಲ. 2016ರಲ್ಲೂ ಟ್ರಂಪ್ ಗೆದ್ದ ಕೂಡಲೇ, ಅವರು ಅಧಿಕಾರ ಹಿಡಿಯುವ ಮೊದಲೇ, ರಿಪಬ್ಲಿಕನ್ನರಿಗೆ ಆರ್ಥಿಕತೆ ಚೆನ್ನಾಗಿ ಕಾಣತೊಡಗಿತು.

ಇದಕ್ಕಿಂತ ಸೋಜಿಗದ್ದು ಫೋಟೋ ಪ್ರಯೋಗ. 2017ರ ಜನವರಿಯಲ್ಲಿ ಟ್ರಂಪ್ ಪ್ರಮಾಣವಚನ ಆದ ಎರಡು ಮೂರು ದಿನಕ್ಕೇ ಬ್ರಯನ್ ಶಾಫ್ನರ್ ಮತ್ತು ಸಮಂತಾ ಲಕ್ಸ್ ಎರಡು ಫೋಟೋ ತೋರಿಸಿದರು. ಒಂದು 2009ರಲ್ಲಿ ಒಬಾಮಾ ಪ್ರಮಾಣವಚನದ ಜನಸಾಗರ, ಇನ್ನೊಂದು 2017ರದ್ದು. ಅವು ಯಾವುವು ಅಂತ ಹೇಳದೆ, ಎಲ್ಲಿ ಜನ ಜಾಸ್ತಿ ಇದ್ದಾರೆ ಅಂತಷ್ಟೇ ಕೇಳಿದರು. ಟ್ರಂಪ್‌ಗೆ ಮತ ಹಾಕಿದವರಲ್ಲಿ ನೂರಕ್ಕೆ 15 ಜನ ಖಾಲಿ ಜಾಗ ಜಾಸ್ತಿ ಕಾಣುವ ಫೋಟೋ ಕಡೆಗೆ ಬೆರಳು ತೋರಿದರು. ಅವರ ಎದುರು ನಿಂತಿದ್ದ ಹಿಲರಿ ಕ್ಲಿಂಟನ್‌ಗೆ ಮತ ಹಾಕಿದವರಲ್ಲಿ ಹಾಗೆ ಮಾಡಿದವರು ನೂರಕ್ಕೆ 2.

ಅವರಿಗೆ ಕಣ್ಣು ಕಾಣುತ್ತಿರಲಿಲ್ಲವೇ? ಕಾಣುತ್ತಿತ್ತು. ಫೋಟೋ ಯಾವುದು ಅಂತ ಗೊತ್ತಾಗಿ, ತಮ್ಮವರ ಪರ ನಿಂತರು ಅನ್ನುವುದೇ ಹೆಚ್ಚು ನಂಬುವ ಮಾತು. ಇದನ್ನು ಬೇರೆ ದಾರಿಯಲ್ಲೂ ಪರೀಕ್ಷಿಸಿದ್ದಾರೆ. ಜಾನ್ ಬುಲಕ್ ಮತ್ತು ಜೊತೆಗಾರರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಿರುದ್ಯೋಗ, ಯುದ್ಧದಂಥ ವಿಷಯಗಳ ಬಗ್ಗೆ ಸರಿ ಉತ್ತರಕ್ಕೆ ಸ್ವಲ್ಪ ದುಡ್ಡು ಕೊಡುತ್ತೇವೆ ಅಂದರು. ಎರಡು ಪಕ್ಷದವರ ಉತ್ತರಗಳ ನಡುವಿನ ಅಂತರ ಅರ್ಧಕ್ಕಿಂತ ಜಾಸ್ತಿ ಕುಗ್ಗಿತು. ‘ಗೊತ್ತಿಲ್ಲ’ ಅನ್ನುವುದಕ್ಕೂ ದುಡ್ಡು ಕೊಟ್ಟಾಗ ನೂರಕ್ಕೆ 80ರಷ್ಟು ಕುಗ್ಗಿತು. ಅಂದರೆ ಸಮೀಕ್ಷೆಯಲ್ಲಿ ಕಾಣುವ ಬಿರುಕಿನಲ್ಲಿ ಒಂದು ಭಾಗ ನಂಬಿಕೆ ಅಲ್ಲ. ಗೊತ್ತಿಲ್ಲದ ಕಡೆ ಜನ ಸುಮ್ನೆ ತಮ್ಮ ಪಕ್ಷದ ಬಾವುಟ ಹಾರಿಸುತ್ತಾರೆ. ನನಗೆ ಇದು ತುಂಬ ಸಮಾಧಾನ ಕೊಟ್ಟ ಸಂಶೋಧನೆ.

ಇನ್ನೊಂದು ಸಂಶೋಧನೆ ಮನಸ್ಸು ಕಲಕಿತು. ಎದುರು ಪಕ್ಷದಲ್ಲಿ ಎಂಥವರಿದ್ದಾರೆ ಅಂತ ಜನ ಅಂದುಕೊಂಡಿದ್ದಾರೆ? ಡಗ್ಲಸ್ ಆಲರ್ ಮತ್ತು ಗೌರವ್ ಸೂದ್ 2018ರಲ್ಲಿ ಕೊಟ್ಟ ಉತ್ತರ ಹೀಗಿದೆ. ರಿಪಬ್ಲಿಕನ್ನರಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿಗಿಂತ ಜಾಸ್ತಿ ದುಡಿಯುವವರು ನೂರಕ್ಕೆ 38 ಅಂತ ಜನರ ಊಹೆ. ನಿಜವಾಗಿ ಇದ್ದದ್ದು ನೂರಕ್ಕೆ 2. ಡೆಮಾಕ್ರಟರಲ್ಲಿ ಸಲಿಂಗಿಗಳು ಮತ್ತು ದ್ವಿಲಿಂಗಾಸಕ್ತರು ನೂರಕ್ಕೆ 32 ಅಂತ ಊಹೆ. ನಿಜ ನೂರಕ್ಕೆ 6. ಪಕ್ಷದ ಹೆಸರು ಕೇಳಿದ ಕೂಡಲೇ ಮನಸ್ಸಿಗೆ ಬರುವ ಚಿತ್ರವನ್ನೇ ಇಡೀ ಪಕ್ಷ ಅಂದುಕೊಂಡಿದ್ದಾರೆ. ಎದುರಿಗೆ ಇಲ್ಲದ ಮನುಷ್ಯನ ಮೇಲೆ ಇಷ್ಟು ಸಿಟ್ಟು.

ಒಂದೇ ವಿಷಯ ಮುಂದಿಟ್ಟು, ಪಕ್ಷದ ಹೆಸರು ತೆಗೆದು ಕೇಳಿದರೆ ಏನಾಗುತ್ತದೆ? ಇದಕ್ಕೆ 2022ರ ಮಿಡ್‌ಟರ್ಮ್ ವರ್ಷದಲ್ಲೇ ಒಂದು ಉದಾಹರಣೆ ಸಿಕ್ಕಿತು. ಜೂನ್ 24ರಂದು ಸುಪ್ರೀಂ ಕೋರ್ಟ್, ಗರ್ಭಪಾತಕ್ಕೆ ಸುಮಾರು ಐವತ್ತು ವರ್ಷ ಇದ್ದ ಸಂವಿಧಾನದ ರಕ್ಷಣೆಯನ್ನು ತೆಗೆದುಹಾಕಿತು. ಆಗಸ್ಟ್ 2ರಂದು ಕ್ಯಾನ್ಸಸ್ ರಾಜ್ಯದಲ್ಲಿ ಜನಮತ ನಡೆಯಿತು. ರಾಜ್ಯದ ಸಂವಿಧಾನದಲ್ಲಿ ಆ ಹಕ್ಕು ಇಲ್ಲ ಅಂತ ಬರೆಯಬೇಕೇ? ಕ್ಯಾನ್ಸಸ್ ಕಡು ರಿಪಬ್ಲಿಕನ್ ರಾಜ್ಯ. 1964ರ ಆಮೇಲೆ ಅಧ್ಯಕ್ಷ ಚುನಾವಣೆಯಲ್ಲಿ ಡೆಮಾಕ್ರಟರನ್ನು ಒಮ್ಮೆಯೂ ಗೆಲ್ಲಿಸಿಲ್ಲ. ಆದರೂ ನೂರಕ್ಕೆ 59 ಜನ ‘ಬೇಡ’ ಅಂದರು.

ಆ ನವೆಂಬರಿನ ಮಿಡ್‌ಟರ್ಮ್‌ನಲ್ಲಿ ಲೆಕ್ಕವೆಲ್ಲ ಆಗಿನ ಅಧ್ಯಕ್ಷ ಬೈಡನ್ ಅವರ ಡೆಮಾಕ್ರಟಿಕ್ ಪಕ್ಷಕ್ಕೆ ಎದುರಾಗಿತ್ತು. ಜೂನಿನಲ್ಲಿ ಬೆಲೆ ಏರಿಕೆ ನೂರಕ್ಕೆ 9 ದಾಟಿತ್ತು. ಅಧ್ಯಕ್ಷರ ಕೆಲಸ ಮೆಚ್ಚಿದವರು ನೂರಕ್ಕೆ 40ರ ಆಸುಪಾಸು. ಕೊನೆಗೆ ಕೆಳಮನೆಯಲ್ಲಿ ಕಳೆದುಕೊಂಡದ್ದು 9 ಸ್ಥಾನ ಮಾತ್ರ. ಬಹುಮತ ಹೋಯಿತು, ಆದರೆ ಸೆನೆಟ್ಟಿನಲ್ಲಿ ಒಂದು ಸ್ಥಾನ ಹೆಚ್ಚೇ ಬಂತು. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಮಿಶಿಗನ್ನಿನಿಂದ ಮೊದಲ ಸಲ ಕೆಳಮನೆಗೆ ಆರಿಸಿಬಂದದ್ದು ಇದೇ ಚುನಾವಣೆಯಲ್ಲಿ.

ಇನ್ನು ಮದುವೆಯ ಪ್ರಶ್ನೆ ಬಾಕಿ ಇದೆ. 2018ರಲ್ಲಿ ಸಮಾರಾ ಕ್ಲಾರ್, ಯಾನಾ ಕ್ರುಪ್ನಿಕೋವ್ ಮತ್ತು ಜಾನ್ ಬ್ಯಾರಿ ರಯನ್ ಆ ಪ್ರಶ್ನೆಯನ್ನೇ ಸ್ವಲ್ಪ ಬಿಡಿಸಿ ಕೇಳಿದರು. ಎದುರು ಪಕ್ಷದ ಅಳಿಯನೋ ಸೊಸೆಯೋ ಅಂದಾಗ ಜನರ ಕಣ್ಣ ಮುಂದೆ ಬರುವುದು ಸದಾ ರಾಜಕೀಯ ಮಾತಾಡುವ ವ್ಯಕ್ತಿ ಇರಬಹುದು ಅಂತ ಅವರ ಗುಮಾನಿ. ಫೋನ್ ಎತ್ತಿ ಸಮೀಕ್ಷೆಗೆ ಉತ್ತರಿಸುವ ಆ ಆರು ಜನರಂಥವರು. ಹಾಗಾಗಿ ಕೆಲವರಿಗೆ ‘ಆ ವ್ಯಕ್ತಿ ರಾಜಕೀಯ ಮಾತಾಡುವುದು ಅಪರೂಪ’ ಅಂತ ಸೇರಿಸಿ ಕೇಳಿದರು. ಬೇಜಾರಾಗುತ್ತದೆ ಅನ್ನುವವರ ಸಂಖ್ಯೆ ಇಳಿಯಿತು. ಇನ್ನು ಕೆಲವರಿಗೆ, ತಮ್ಮದೇ ಪಕ್ಷದವರು, ಆದರೆ ರಾಜಕೀಯವನ್ನೇ ಮಾತಾಡುತ್ತಿರುತ್ತಾರೆ ಅಂತ ಹೇಳಿ ಕೇಳಿದರು. ಅಂಥ ಸಂಬಂಧವೂ ಅನೇಕರಿಗೆ ಹಿತವಾಗಲಿಲ್ಲ.