ಹಡಗಿನಲ್ಲಿ ಸೆಕ್ಯುರಿಟಿ ಆಫೀಸರ್ ಯಾಕೆ ಬಂದ?

ನನ್ನ ಸೋದರಳಿಯ ಮರ್ಚೆಂಟ್ ನೇವಿಯಲ್ಲಿ ಸೆಕೆಂಡ್ ಆಫೀಸರ್. ಕಳೆದ ಸಲ ರಜೆಗೆ ದಾವಣಗೆರೆಗೆ ಬಂದಾಗ, ‘ಶಿಪ್ ಸೆಕ್ಯುರಿಟಿ ಆಫೀಸರ್ ಕೋರ್ಸೂ ಮುಗಿಸ್ದೆ’ ಅಂದ. ಅಕ್ಕನ ಮುಖ ಸಪ್ಪಗಾಯಿತು. ‘ಅಷ್ಟು ಓದಿ ಎಟಿಎಂ ಮುಂದೆ ಕೂರೋರ ತರ ಕೆಲ್ಸ ಏನೋ? ಬಂದೂಕು ಕೊಡ್ತಾರಾ?’

ಕೊಡುವುದಿಲ್ಲ. ಸರಕು ಹಡಗಿನಲ್ಲಿ ಈ ಕೆಲಸಕ್ಕೆ ಅಂತ ಬೇರೆ ಆಳನ್ನು ಹತ್ತಿಸುವುದೂ ಅಪರೂಪ. ಚೀಫ್ ಆಫೀಸರ್ ಅಥವಾ ಸೆಕೆಂಡ್ ಆಫೀಸರ್ ತಲೆ ಮೇಲೆ ಇನ್ನೊಂದು ಹೊರೆಯಾಗಿ ಬೀಳುತ್ತದೆ.

ಕಥೆ ಶುರುವಾಗುವುದು 1985ರ ಅಕ್ಟೋಬರ್ 7ರಂದು. ಈಜಿಪ್ಟ್ ಕರಾವಳಿಯಲ್ಲಿ ಅಕಿಲೆ ಲಾರೊ ಎಂಬ ಇಟಲಿಯ ಪ್ರಯಾಣಿಕರ ಹಡಗನ್ನು ನಾಲ್ವರು ಅಪಹರಿಸಿದರು. ಅವರು ಕತ್ತಲಲ್ಲಿ ಹಗ್ಗ ಎಸೆದು ಹತ್ತಿದವರಲ್ಲ, ಪ್ರಯಾಣಿಕರಾಗಿಯೇ ಬಂದವರು. ಒಬ್ಬ ಪ್ರಯಾಣಿಕನ ಕೊಲೆಯಾಯಿತು. ಮರುವರ್ಷ ವಿಶ್ವಸಂಸ್ಥೆಯ ಹಡಗು ಸಂಸ್ಥೆ ಐಎಂಒ, ಪ್ರಯಾಣಿಕರ ಹಡಗುಗಳ ರಕ್ಷಣೆಗೆ ಕ್ರಮಗಳನ್ನು ಸೂಚಿಸಿತು. ಅದು ಬರೀ ಸಲಹೆ. ಅದಿರು, ಎಣ್ಣೆ ಹೊರುವ ಹಡಗುಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನಿದ್ದೆ ಬಿಟ್ಟಿದ್ದು 2001ರ ಸೆಪ್ಟೆಂಬರ್ 11ರ ನಂತರ. ವಿಮಾನವೇ ಆಯುಧವಾಗುವುದಾದರೆ ಹಡಗು ಯಾಕಾಗಬಾರದು? 2002ರ ಅಕ್ಟೋಬರ್‌ನಲ್ಲಿ ಯೆಮನ್ ಬಳಿ ಲಿಂಬರ್ಗ್ ಎಂಬ ಎಣ್ಣೆ ಟ್ಯಾಂಕರ್‌ಗೆ ಸ್ಫೋಟಕ ತುಂಬಿದ ದೋಣಿ ಬಂದು ಗುದ್ದಿತು. ಅದೇ ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ ದೇಶಗಳೆಲ್ಲ ಕೂತು ಐಎಸ್‌ಪಿಎಸ್ ಕೋಡ್ ಎಂಬ ಹಡಗು, ಬಂದರುಗಳ ಭದ್ರತಾ ನಿಯಮಾವಳಿ ಒಪ್ಪಿದವು. 2004ರ ಜುಲೈ 1ರಿಂದ ಜಾರಿ. ವಿದೇಶಕ್ಕೆ ಹೋಗುವ ಪ್ರಯಾಣಿಕರ ಹಡಗುಗಳಿಗೆ, 500 ಗ್ರಾಸ್ ಟನ್ನೇಜ್‌ನಿಂದ (ಹಡಗಿನ ಒಳಗಾತ್ರದ ಅಳತೆ) ಮೇಲಿನ ಸರಕು ಹಡಗುಗಳಿಗೆ ಇದು ಕಡ್ಡಾಯ. ಹಡಗಿಗೊಬ್ಬ, ಕಂಪನಿಗೊಬ್ಬ, ಬಂದರಿಗೊಬ್ಬ ಸೆಕ್ಯುರಿಟಿ ಆಫೀಸರ್ ಇರಲೇಬೇಕು ಅಂತಾಯಿತು. ಹಡಗಿನವನು ಕ್ಯಾಪ್ಟನ್‌ಗೆ ಉತ್ತರ ಕೊಡಬೇಕು.

ಬಂದೂಕಿಲ್ಲದೆ ಏನು ಕಾಯುತ್ತಾನೆ? ಮೊದಲನೆಯದಾಗಿ ಏಣಿ. ಹಡಗು ಬಂದರಿಗೆ ತಾಗಿದ ಕೂಡಲೇ ಗ್ಯಾಂಗ್‌ವೇ ಎಂಬ ಈ ಹತ್ತುವ ಏಣಿಯ ತಲೆಯಲ್ಲಿ ಒಬ್ಬ ನಿಲ್ಲುತ್ತಾನೆ. ಬಂದವರ ಗುರುತಿನ ಚೀಟಿ ನೋಡಿ, ಪುಸ್ತಕದಲ್ಲಿ ಹೆಸರು ಬರೆಸಿ, ಪಾಸ್ ಕೊಡುತ್ತಾನೆ. ಹಡಗು ಬಿಡುವ ಮುಂಚೆ ಪಾಸುಗಳನ್ನು ಎಣಿಸಬೇಕು. ಒಂದು ಕಡಿಮೆ ಬಿದ್ದರೆ ಹುಡುಕಾಟ ಶುರು. ಕದ್ದು ಕೂತವನು ನಡುಸಮುದ್ರದಲ್ಲಿ ಸಿಕ್ಕರೆ ಅವನನ್ನು ಇಳಿಸಿಕೊಳ್ಳಲು ಬಂದರಿನವರು ಸುಲಭಕ್ಕೆ ಒಪ್ಪುವುದಿಲ್ಲ.

ಅಳಿಯ ಇದನ್ನು ಹೇಳುವಾಗ ಚಿತ್ರದುರ್ಗದ ಓಬವ್ವನ ಕಿಂಡಿ ನೆನಪಾಗಿ ಅಂದೆ. ಅವನು ತಕ್ಷಣ, ‘ಮಾಮಾ, ನೀವೆಲ್ಲ ಒನಕೆ ನೋಡ್ತೀರಿ. ನಾವು ಊಟಕ್ಕೆ ಹೋದ ಕಾವಲುಗಾರನ್ನ ನೋಡ್ತೀವಿ. ಅವನು ಉಣ್ಣೋಕೆ ಹೋಗಿದ್ದು ತಪ್ಪಲ್ಲ. ಜಾಗಕ್ಕೆ ಇನ್ನೊಬ್ಬ ಬರ್ಲಿಲ್ಲ, ಅದು ತಪ್ಪು’ ಅಂದ. ಇಷ್ಟು ವರ್ಷ ಕೋಟೆ ಹತ್ತಿದ್ದೇನೆ, ನನಗೆ ಹೊಳೆದಿರಲಿಲ್ಲ.

ಮೂರು ತಿಂಗಳಿಗೊಮ್ಮೆಯಾದರೂ ಡ್ರಿಲ್ ಮಾಡಿಸಬೇಕು. ಒಂದು ಸಲ ಇವನು ಬಟ್ಟೆ ಒಗೆಯುವ ಮೆಷಿನ್ ಹಿಂದೆ ಖಾಲಿ ಡಬ್ಬ ಬಚ್ಚಿಟ್ಟು, ‘ಬಾಂಬ್ ಇದೆ, ಹುಡುಕಿ’ ಅಂದನಂತೆ. ಸಿಗಲು ಮುಕ್ಕಾಲು ಗಂಟೆ ಹಿಡಿಯಿತು. ಅಡುಗೆಯವನು ಎರಡು ದಿನ ಸಿಟ್ಟಾಗಿದ್ದ, ಸಾರು ಹೊತ್ತಿತ್ತು.

ಇನ್ನು ಅಪಾಯ ಬಂದಾಗ ಒತ್ತುವ ಗುಟ್ಟಿನ ಗುಂಡಿ. ಒಂದು ಹಡಗು ನಡೆಸುವ ಕೋಣೆಯಾದ ಬ್ರಿಡ್ಜ್‌ನಲ್ಲಿ, ಕನಿಷ್ಠ ಇನ್ನೊಂದು ಬೇರೆಡೆ ಇರುತ್ತದೆ. ಒತ್ತಿದರೆ ಹಡಗಿನಲ್ಲಿ ಗಂಟೆಯಿಲ್ಲ, ದೀಪವಿಲ್ಲ, ಪಕ್ಕದ ಹಡಗಿಗೂ ತಿಳಿಯುವುದಿಲ್ಲ. ಸಂದೇಶ ಸೀದಾ ದಡಕ್ಕೆ ಹೋಗುತ್ತದೆ. ತಲೆಗೆ ಬಂದೂಕು ಹಿಡಿದವನಿಗೆ ಗೊತ್ತಾಗಬಾರದಲ್ವಾ!

ಕೋರ್ಸು, ಸರ್ಟಿಫಿಕೇಟು 2008ರ ಜನವರಿಯಿಂದ ಕಡ್ಡಾಯವಾಯಿತು. ಅದಕ್ಕೆ 12 ತಿಂಗಳ ಸಮುದ್ರದ ಅನುಭವ, ಇಲ್ಲವೇ ತಕ್ಕಷ್ಟು ಸಮುದ್ರದ ಅನುಭವದ ಜೊತೆಗೆ ಹಡಗಿನ ಕೆಲಸದ ತಿಳಿವಳಿಕೆ ಬೇಕು. ನಮ್ಮ ಕಡೆ ಪಿಯುಸಿ ಮುಗಿಸಿದ ಹುಡುಗರಿಗೆ ‘ನೇರ ಸೆಕ್ಯುರಿಟಿ ಆಫೀಸರ್’ ಆಸೆ ತೋರಿಸುವ ಏಜೆಂಟರ ಮಾತು ಕೇಳುವವರು ಇದನ್ನೊಂದು ತಿಳಿದಿರಲಿ.

ಅದೇ 2008ರಲ್ಲಿ ಸೊಮಾಲಿಯಾ ಕಡಲ್ಗಳ್ಳರ ಹಾವಳಿ ಏರಿತು. ಸೆಪ್ಟೆಂಬರ್‌ನಲ್ಲಿ ಸ್ಟೋಲ್ಟ್ ವ್ಯಾಲರ್ ಹಡಗು ಅವರ ಕೈಗೆ ಸಿಕ್ಕಿತು. 22 ಮಂದಿಯಲ್ಲಿ 18 ಜನ ನಮ್ಮವರು. ಎರಡು ತಿಂಗಳು ಒತ್ತೆಯಲ್ಲಿದ್ದರು. ಆಮೇಲೆ ಹಡಗಿನ ಅಂಚಿಗೆಲ್ಲ ಮುಳ್ಳುತಂತಿ ಬಂತು. ಸಿಟಾಡೆಲ್ ಎಂಬ ಗಟ್ಟಿ ಅಡಗುಕೋಣೆಯೂ ಬಂತು. 2024ರ ಜನವರಿಯಲ್ಲಿ ಲೀಲಾ ನಾರ್ಫೋಕ್ ಹಡಗಿನ 21 ಮಂದಿ ಇಂಥ ಕೋಣೆಯಲ್ಲೇ ಬಾಗಿಲು ಹಾಕಿಕೊಂಡು ಕೂತಿದ್ದರು. ನಮ್ಮ ನೌಕಾಪಡೆಯ ಕಮಾಂಡೋಗಳು ಹೋಗಿ ಬಿಡಿಸಿದರು.

ಹಾಗಾದರೆ ಬಂದೂಕಿನವರನ್ನೇ ಬಾಡಿಗೆಗೆ ತರಬಹುದಲ್ಲ? ಕೆಲವರು ತರುತ್ತಾರೆ. ಆದರೆ 2012ರ ಫೆಬ್ರವರಿಯಲ್ಲಿ ಎನ್ರಿಕಾ ಲೆಕ್ಸಿ ಹಡಗಿನಲ್ಲಿದ್ದ ಇಟಲಿಯ ಸೈನಿಕರ ಗುಂಡಿಗೆ ಕೇರಳದ ಕಡಲಲ್ಲಿ ಇಬ್ಬರು ಮೀನುಗಾರರು ಸತ್ತರು. ಬಂದೂಕು ಹಡಗಿಗೆ ಬಂದರೆ ಎಂಥ ಎಡವಟ್ಟಾಗಬಹುದು ಅನ್ನುವುದಕ್ಕೆ ಅದೊಂದು ಸಾಕು.

ಈಗ ಲೆಕ್ಕ ಮತ್ತೆ ತಲೆಕೆಳಗಾಗಿದೆ. 2023ರ ನವೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ ಗ್ಯಾಲಕ್ಸಿ ಲೀಡರ್ ಹಡಗಿನ ಮೇಲೆ ಯೆಮನ್‌ನ ಹೌತಿ ಬಂಡುಕೋರರು ಹೆಲಿಕಾಪ್ಟರ್‌ನಲ್ಲಿ ಇಳಿದರು. ಡಿಸೆಂಬರ್ 23ರಂದು ಕೆಮ್ ಪ್ಲೂಟೊ ಟ್ಯಾಂಕರ್‌ಗೆ ಅರಬ್ಬಿ ಸಮುದ್ರದಲ್ಲಿ ಡ್ರೋನ್ ಬಡಿಯಿತು. ಅದು ಮಂಗಳೂರಿಗೆ ಬರುತ್ತಿದ್ದ ಹಡಗು. ಏಣಿ ಕಾಯಲು ಹುಟ್ಟಿದ ಹುದ್ದೆ, ಡ್ರೋನ್‌ಗೆ ಏಣಿಯೇ ಬೇಡ. ‘ಈಗ ಲುಕೌಟ್ ನಿಂತವನಿಗೆ ಮೇಲಕ್ಕೂ ಕಣ್ಣಿಡು ಅಂತೀವಿ’ ಅಂದ ಅಳಿಯ.

ಮುಂದಿನ ತಿಂಗಳು ಅವನ ಜಾಯಿನಿಂಗ್. ಹಡಗು ಯಾವ ದಾರಿಯಲ್ಲಿ ಹೋಗುತ್ತದೆ ಅಂತ ಅಕ್ಕ ಇನ್ನೂ ಕೇಳಿಲ್ಲ.