ನಾಚುವವರು ಹೇಳಿದ್ದು ಯಾರಿಗೂ ಕೇಳಿಸಿರುವುದಿಲ್ಲ

ಹಾಸನದ ಬಸ್ ಸ್ಟ್ಯಾಂಡ್ ಕಡೆ ಹೋದಾಗ ‘ಪ್ರೇಮ ಸಮಸ್ಯೆಗೆ ವಶೀಕರಣ, 24 ಗಂಟೆಯಲ್ಲಿ ಪರಿಹಾರ’ ಎಂಬ ಚೀಟಿ ಕಂಡರೆ ನನಗೆ ಸಿಟ್ಟು ಬರುತ್ತದೆ. ಪಕ್ಕದ ಬೆಂಚಿನ ಹುಡುಗಿಯ ಹತ್ತಿರ ಬಾಯಿ ಬಿಡಲು ಆಗದ ಕಾಲೇಜು ಹುಡುಗನೇ ಇವರಿಗೆ ಗಿರಾಕಿ. ತಾಯತದಿಂದ ಯಾರ ಮನಸ್ಸೂ ತಿರುಗುವುದಿಲ್ಲ. ಆ ಹುಡುಗನಿಗೆ ನಿಜಕ್ಕೂ ಗೊತ್ತಿರಬೇಕಾದ ವಿಷಯ ಮನಶ್ಶಾಸ್ತ್ರದಲ್ಲಿದೆ, ಅದೂ ಪುಕ್ಕಟೆ.

ನಾಚಿಕೆ ಇರುವವರು ತಾವು ಆಗಲೇ ಎಲ್ಲ ಹೇಳಿಬಿಟ್ಟಿದ್ದೇವೆ ಎಂದು ನಂಬಿರುತ್ತಾರೆ. ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾಲಯದ ಜ್ಯಾಕಿ ವೊರಾವರ್ ಮತ್ತು ಜೊತೆಗಾರರು 2003ರಲ್ಲಿ ಇದರ ಬಗ್ಗೆ ಬರೆದರು. ‘ಬೇಡ ಅಂದುಬಿಟ್ಟರೆ?’ ಎಂಬ ಭಯ ಇರುವವರು ತೀರಾ ಸಣ್ಣ ಸುಳಿವು ಕೊಡುತ್ತಾರೆ. ಆದರೆ ‘ನಾನು ನಾಚಿಕೆಯವನು, ನನಗೆ ಇಷ್ಟೇ ಜಾಸ್ತಿ, ಅದು ಅವಳಿಗೂ ಗೊತ್ತಾಗಿರುತ್ತದೆ’ ಎಂದುಕೊಳ್ಳುತ್ತಾರೆ. ಎದುರಿನವರಿಗೆ ಅಷ್ಟೆಲ್ಲ ತಲುಪಿರುವುದೇ ಇಲ್ಲ.

ಡಿಗ್ರಿ ಕೊನೆ ವರ್ಷದ ಹುಡುಗನೊಬ್ಬ ಒಮ್ಮೆ ನನ್ನ ಹತ್ತಿರ ಬೇಸರ ತೋಡಿಕೊಂಡ. ಸಹಪಾಠಿ ಕೆಮಿಸ್ಟ್ರಿ ರೆಕಾರ್ಡ್ ಕೇಳಿದ್ದಳು. ಕೊಡುವ ಮುಂಚೆ ಇವನು ರಾತ್ರಿ ಕೂತು ಹೊಸ ಬ್ರೌನ್ ಪೇಪರ್ ಹಾಕಿ, ಲೇಬಲ್ ಬದಲಿಸಿ, ಗ್ರಾಫ್‌ಗಳನ್ನೆಲ್ಲ ಅಳಿಸಿ ಮತ್ತೆ ಎಳೆದಿದ್ದ. “ಇಷ್ಟು ಮಾಡಿದ್ರೂ ಗೊತ್ತಾಗಲ್ವಾ ಸಾರ್?” ಎಂದ. ಹೇಗೆ ಗೊತ್ತಾಗಬೇಕು? ಅವಳ ಕೈಗೆ ಬಂದದ್ದು ಒಂದು ನೀಟಾದ ರೆಕಾರ್ಡ್. ಇವನು ನಿದ್ದೆಗೆಟ್ಟದ್ದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ.

ಇದು ನನಗೆ ಬಹಳ ಇಷ್ಟವಾದ ಪ್ರಯೋಗವೊಂದನ್ನು ನೆನಪಿಸುತ್ತದೆ. 1990ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧನಾ ವಿದ್ಯಾರ್ಥಿನಿ ಎಲಿಜಬೆತ್ ನ್ಯೂಟನ್ ಕೆಲವರಿಗೆ ಎಲ್ಲರಿಗೂ ಗೊತ್ತಿರುವ ಹಾಡುಗಳ ತಾಳವನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಲು ಹೇಳಿದಳು. ಕೇಳುವವರು ಹಾಡು ಯಾವುದೆಂದು ಹೇಳಬೇಕು. ಅರ್ಧದಷ್ಟಾದರೂ ಸರಿ ಹೇಳುತ್ತಾರೆ ಎಂದು ತಟ್ಟಿದವರ ಅಂದಾಜು. 120 ಹಾಡುಗಳಲ್ಲಿ ಗೊತ್ತಾದದ್ದು ಮೂರೇ ಮೂರು! ತಟ್ಟುವವರ ತಲೆಯೊಳಗೆ ಸಾಹಿತ್ಯ, ರಾಗ, ವಾದ್ಯ ಎಲ್ಲ ಓಡುತ್ತಿರುತ್ತದೆ. ಅದನ್ನು ನಿಲ್ಲಿಸಿ ಬರೀ ಟಕಟಕ ಸದ್ದನ್ನಷ್ಟೇ ಕೇಳಿಸಿಕೊಳ್ಳಲು ಅವರಿಂದ ಆಗುವುದಿಲ್ಲ. ಕೇಳುವವರಿಗೆ ಆ ಟಕಟಕ ಬಿಟ್ಟು ಬೇರೇನೂ ಇಲ್ಲ. ಮನೆಯಲ್ಲಿ ತಮ್ಮನನ್ನೋ ತಂಗಿಯನ್ನೋ ಕೂರಿಸಿಕೊಂಡು ಮಾಡಿ ನೋಡಿ. ಅವರ ಪೆಚ್ಚು ಮುಖ ಕಂಡು ನಿಮಗೇ ಆಶ್ಚರ್ಯವಾಗುತ್ತದೆ.

‘ಆದರೆ ಮುಖ ಕೆಂಪಾಗುತ್ತಲ್ಲ, ಅದು ಕಾಣಲ್ವಾ?’ ಎಂದು ಕೇಳಬಹುದು. ಈ ಪ್ರಶ್ನೆ ಚಾರ್ಲ್ಸ್ ಡಾರ್ವಿನ್ನನನ್ನೂ ಕಾಡಿತ್ತು. 1867ರ ಹೊತ್ತಿಗೆ ಅವನು ದೇಶದೇಶಗಳಲ್ಲಿದ್ದ ಪರಿಚಿತರಿಗೆ ಪ್ರಶ್ನಾವಳಿ ಕಳಿಸಿದ. ನಿಮ್ಮಲ್ಲಿನ ಜನ ನಾಚಿದಾಗ ಕೆಂಪಾಗುತ್ತಾರಾ, ಎಲ್ಲಿಯವರೆಗೆ ಇಳಿಯುತ್ತದೆ ಎಂದೆಲ್ಲ ಕೇಳಿದ. 1872ರಲ್ಲಿ ಭಾವನೆಗಳ ಬಗ್ಗೆ ಬರೆದ ಪುಸ್ತಕದಲ್ಲಿ ನಾಚಿಕೆಯ ಕೆಂಪಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟ. ಕಪ್ಪು ಮೈಬಣ್ಣದವರಿಗೂ ಮುಖಕ್ಕೆ ರಕ್ತ ನುಗ್ಗುತ್ತದೆ, ಹೊರಗೆ ಅಷ್ಟು ಕಾಣುವುದಿಲ್ಲ ಎಂಬುದು ಅವನಿಗೆ ಆಗಲೇ ಸ್ಪಷ್ಟವಾಗಿತ್ತು. ಬೇರೆಯವರು ನಮ್ಮ ಬಗ್ಗೆ ಏನು ಅಂದುಕೊಳ್ಳುತ್ತಾರೋ ಎಂಬ ಯೋಚನೆಯೇ ಇದಕ್ಕೆ ಕಾರಣ ಎಂದೂ ಬರೆದ. ಆಗ ಮುಖದ ರಕ್ತನಾಳಗಳು ಹಿಗ್ಗುತ್ತವೆ, ಕೆನ್ನೆ ಬಿಸಿಯಾಗುತ್ತದೆ. ಆ ಬಿಸಿ ಗೊತ್ತಾಗುವುದು ನಿಮಗೆ. ಎದುರಿನವರಿಗೆ ಕಂಡರೂ ಸೆಕೆ ಅಂತಲೋ, ಮೆಟ್ಟಿಲು ಹತ್ತಿ ಬಂದದ್ದಕ್ಕೆ ಅಂತಲೋ ಅಂದುಕೊಳ್ಳುತ್ತಾರೆ.

ಸಹಪಾಠಿಗಳಿಗೆ ಒಂದು ಅನುಕೂಲ ಇದೆ. 1992ರಲ್ಲಿ ಮೋರ್‌ಲ್ಯಾಂಡ್ ಮತ್ತು ಬೀಚ್ ಎಂಬ ಸಂಶೋಧಕರು ನಾಲ್ವರು ಯುವತಿಯರನ್ನು ಒಂದು ತರಗತಿಗೆ ಬೇರೆ ಬೇರೆ ಸಲ ಕಳಿಸಿದರು. ಒಬ್ಬಳು 15 ಸಲ, ಒಬ್ಬಳು 10, ಒಬ್ಬಳು 5, ಇನ್ನೊಬ್ಬಳು ಹೋಗಲೇ ಇಲ್ಲ. ಯಾರೊಡನೆಯೂ ಮಾತಿಲ್ಲ. ಕೊನೆಗೆ ವಿದ್ಯಾರ್ಥಿಗಳಿಗೆ ಫೋಟೋ ತೋರಿಸಿದಾಗ ಜಾಸ್ತಿ ಸಲ ಬಂದವಳೇ ಜಾಸ್ತಿ ಇಷ್ಟವಾಗಿದ್ದಳು. ಹಾಗಂತ ಹಿಂದೆ ಬಿದ್ದರೆ ಒಪ್ಪುತ್ತಾರೆ ಎಂದಲ್ಲ. ಮೊದಲೇ ಕಿರಿಕಿರಿ ಅನ್ನಿಸಿದ ಮುಖ ಮತ್ತೆ ಮತ್ತೆ ಕಂಡರೆ ಕಿರಿಕಿರಿಯೇ ಹೆಚ್ಚುತ್ತದೆ.

ಹಾಗಾಗಿ ಬಾಯಿಬಿಟ್ಟು ಹೇಳುವುದೇ ಒಳ್ಳೆಯದು. “ನಿನ್ ಜೊತೆ ಮಾತಾಡೋದು ನಂಗಿಷ್ಟ. ಇಂಟರ್ನಲ್ಸ್ ಮುಗಿದ್ಮೇಲೆ ಇಬ್ರೂ ಕಾಫಿಗೆ ಹೋಗೋಣ್ವಾ?” ಸಾಕು. ಗ್ರೂಪ್‌ನಲ್ಲಿ ಬೇಡ, ಗೆಳೆಯರ ಕೈಲಿ ಹೇಳಿ ಕಳಿಸೋದೂ ಬೇಡ. ಇದು ಹುಡುಗಿಯರಿಗೂ ಅಷ್ಟೇ ಅನ್ವಯಿಸುತ್ತದೆ.

ಎಲ್ಲಿ ಕೇಳುತ್ತೀರಿ ಎಂಬುದೂ ಮುಖ್ಯ. ವನೆಸ್ಸಾ ಬಾನ್ಸ್ ಮತ್ತು ಲಾರೆನ್ ಡಿವಿನ್ಸೆಂಟ್ ಎಂಬ ಸಂಶೋಧಕರು 2019ರಲ್ಲಿ ತೋರಿಸಿದಂತೆ, ಬೇಡ ಎನ್ನುವವರಿಗೆ ಎಷ್ಟು ಇರುಸುಮುರುಸಾಗುತ್ತದೆ ಎಂಬುದು ಕೇಳಿದವರಿಗೆ ಸರಿಯಾಗಿ ಗೊತ್ತೇ ಆಗುವುದಿಲ್ಲ. ಆದ್ದರಿಂದ ಸಕಲೇಶಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವಳನ್ನು ಕೇಳಬೇಡಿ. ಸುಮಾರು 40 ಕಿ.ಮೀ. ಅವಳು ಎದ್ದು ಹೋಗುವಂತಿಲ್ಲ. ಕ್ಯಾಂಟೀನ್ ಬಾಗಿಲ ಹತ್ತಿರ ಕೇಳಿ, ಒಂದೇ ಸಲ ಕೇಳಿ. “ಬೇಡ” ಅಂದರೆ “ಸರಿ, ಪರ್ವಾಗಿಲ್ಲ” ಎಂದು ಹೇಳಿ, ಅವಳು ಹೋಗಲು ದಾರಿ ಬಿಡಿ.